ಮೇಲಿನ ತಟ್ಟೆಯಿಂದ ಸೋರಿದ ಎಣ್ಣೆ

ಮುಂಬಯಿಯ ಮುಲುಂಡಿನ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಕಾರುಗಳು ಒಂದರ ತಲೆಯ ಮೇಲೊಂದು ನಿಲ್ಲುತ್ತವೆ. ಜಾಗ ಸಾಲದ್ದಕ್ಕೆ ಬಿಲ್ಡರ್ ಕಬ್ಬಿಣದ ತಟ್ಟೆಗಳ ಲಿಫ್ಟ್ ಕೂರಿಸಿಕೊಟ್ಟಿದ್ದಾನೆ. ಒಂದು ಕಾರು ತಟ್ಟೆಯೇರಿ ಎತ್ತರಕ್ಕೆ ಹೋಗುತ್ತದೆ, ಇನ್ನೊಂದು ಅದರಡಿಗೆ ಬಂದು ನಿಲ್ಲುತ್ತದೆ. ಕೆಳಗಿನವರು ಗಾಡಿ ತೆಗೆಯದೆ ಮೇಲಿನವರು ಇಳಿಯುವ ಹಾಗಿಲ್ಲ. ನಾನು ಮೇಲಿನವಳು.

ಈ ವ್ಯವಸ್ಥೆಗೆ ಬಿಲ್ಡಿಂಗಿನವರೆಲ್ಲ ಹಿಡಿಶಾಪ ಹಾಕುತ್ತಾರೆ. ನಾನು ಮಾತ್ರ ಒಂದು ದಿನವೂ ಹಾಕಿದವಳಲ್ಲ. ಯಜಮಾನರು ತೀರಿಕೊಂಡ ಮೇಲೆ ಮನೆಯಲ್ಲಿ ನಾನೊಬ್ಬಳೇ; ಮಕ್ಕಳಿಲ್ಲ. ಕೆಳಗಿನ ಕಾರು ಏಳನೇ ಮಹಡಿಯ ಹುಡುಗನದು. ಅವನ ತಂದೆತಾಯಿ ವಿಜಯಪುರದ ಕಡೆಯವರು, ಅವನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಕನ್ನಡ ತಿಳಿಯುತ್ತದೆ, ಆಡುವಾಗ ಎಡವುತ್ತಾನೆ. ಆಫೀಸು ಅಂಧೇರಿಯಲ್ಲಿ, ಆದರೆ ವಾರದ ಬಹಳಷ್ಟು ದಿನ ಮನೆಯಿಂದಲೇ ಕೆಲಸ. ನಾನು ಫೋನ್ ಮಾಡಿ, "ಸ್ವಲ್ಪ ಗಾಡಿ ತಗೀತೀಯೇನಪಾ?" ಎನ್ನುತ್ತೇನೆ. "ಬಂದೆ ಕಾಕು" ಎಂದು ಅವನು ಇಳಿದು ಬರುತ್ತಾನೆ. ತಟ್ಟೆ ಕೆಳಗಿಳಿಯುವ ತನಕ ನಿಂತು ಅದೂ ಇದೂ ಮಾತಾಡುತ್ತೇವೆ. ತಿರುಗಿ ಬಂದಾಗ ಮತ್ತೊಮ್ಮೆ ಅದೇ. ಇಡೀ ದಿನದಲ್ಲಿ ನಾನಾಡುವ ಕನ್ನಡ ಅಷ್ಟೇ. ಅದೂ ಇಲ್ಲದ ದಿನ ಸಂಜೆಯ ಹೊತ್ತಿಗೆ ಹುಚ್ಚು ಹಿಡಿದಂತಾಗುತ್ತದೆ. ಒಂದು ಕಟ್ಟು ಕೊತ್ತಂಬರಿ ತರಲು ಕಾರು ತೆಗೆಯುವವಳು ಇಡೀ ಮುಂಬಯಿಯಲ್ಲಿ ನಾನೊಬ್ಬಳೇ ಇರಬೇಕು. ನಗುವವರು ನಗಲಿ, ನನಗೇನು!

ಮಳೆಗಾಲ ಮುಗಿದ ಮೇಲೆ ಒಂದು ಬೆಳಿಗ್ಗೆ ಅವನೇ ಬಂದು ಬೆಲ್ ಮಾಡಿದ. ನನಗೆ ಖುಷಿಯೋ ಖುಷಿ, ಚಹಾಕ್ಕಿಡಲು ಒಳಗೆ ಓಡಿದೆ.

"ಚಾ ಬ್ಯಾಡ ಕಾಕು. ನಮ್ಮ ಗಾಡಿ ಮ್ಯಾಲೆ ಎಣ್ಣಿ ಬಿದ್ದೈತಿ. ನಿಮ್ಮ ಗಾಡಿಯಿಂದ... ಟಪಕ್ ರಹಾ ಹೈ."

ಸೋರುವ ಗಾಡಿಯನ್ನು ತಟ್ಟೆಯ ಮೇಲೆ ನಿಲ್ಲಿಸಬಾರದು ಎನ್ನುವುದು ಸೊಸೈಟಿಯ ನಿಯಮ. ಹೊರಗೆ ರಸ್ತೆಯಲ್ಲಿ ನಿಲ್ಲಿಸು ಎಂದರೆ ನಾನು ಇನ್ನು ಯಾರಿಗೆ ಫೋನ್ ಮಾಡಲಿ? ಹೆದರಿಕೆಯಾದರೆ ನನಗೆ ಬರುವುದು ಸಿಟ್ಟು. ಸೀದಾ ಸೆಕ್ರೆಟರಿಯ ಮನೆಗೆ ಹೋಗಿ ಜಗಳ ತೆಗೆದೆ. ನನ್ನ ಗಾಡಿ ಸೋರುವುದಿಲ್ಲ, ನಿಮ್ಮ ಲಿಫ್ಟೇ ಸೋರುತ್ತಿದೆ, ಮೊದಲು ಅದನ್ನು ರಿಪೇರಿ ಮಾಡಿಸಿ ಎಂದು ನನ್ನ ಹರಕು ಹಿಂದಿಯಲ್ಲಿ ಕೂಗಾಡಿದೆ. ಪಾಪ, ಅವರು ಹಲ್ಲುಜ್ಜುತ್ತಿದ್ದರು.

ಲಿಫ್ಟಿನವನು ಬಂದು ನೋಡಿದ. ಲಿಫ್ಟಿನ ಎಣ್ಣೆ ಹಳದಿ. ಹುಡುಗನ ಬಿಳಿ ಬಾನೆಟ್ ಮೇಲೆ ಬಿದ್ದದ್ದು ಕುಂಕುಮ ಕಲಸಿದ ನೀರಿನ ಹಾಗೆ ಕೆಂಪಗಿತ್ತು. ಹುಡುಗ ಒಂದು ರಟ್ಟು ತಂದು ನನ್ನ ಕಾರಿನಡಿಗೆ ಹಾಸಿದ. ಮರುದಿನ ರಟ್ಟಿನ ಮೇಲೆ ಅಂಗೈಯಗಲದ ಕೆಂಪು ಕಲೆ. ಸೋರುತ್ತಿದ್ದದ್ದು ನನ್ನದೇ ಗಾಡಿ. ನನ್ನದು ಆಟೋಮ್ಯಾಟಿಕ್ ಕಾರು. ಎಡಮೊಣಕಾಲು ಕ್ಲಚ್ ತುಳಿಯಲು ಒಪ್ಪುವುದಿಲ್ಲವೆಂದು ಯಜಮಾನರು ಹುಡುಕಿ ತಂದದ್ದು. ಅದರ ಗೇರ್‌ಬಾಕ್ಸಿನ ಎಣ್ಣೆ ಕೆಂಪಗಿರುತ್ತದೆ ಎಂದು ನನಗೆ ಗೊತ್ತಾದದ್ದೇ ಆವತ್ತು.

ಗ್ಯಾರೇಜಿಗೆ ಹುಡುಗನೂ ಜೊತೆಗೆ ಬಂದ. ಮೆಕ್ಯಾನಿಕ್ ಕಾರನ್ನು ಮೇಲೆತ್ತಿ, ಗೇರ್‌ಬಾಕ್ಸಿನ ತಳಕ್ಕೆ ಬೋಲ್ಟು ಹಾಕಿ ಕೂರಿಸಿದ್ದ ಎಣ್ಣೆಯ ತಟ್ಟೆಯನ್ನು ಬೆರಳಿಂದ ಒರೆಸಿ ತೋರಿಸಿದ. ಅಂಚಿನುದ್ದಕ್ಕೂ ಜಿನುಗುತ್ತಿತ್ತು. ತಟ್ಟೆಗೂ ಗೇರ್‌ಬಾಕ್ಸಿಗೂ ನಡುವಿನ ರಬ್ಬರ್ ಪಟ್ಟಿ ಒಣಗಿ ಬಿರಿದಿದೆಯಂತೆ. "ಪಾಪಡ್ ಹೋ ಗಯಾ ಹೈ, ಮ್ಯಾಡಮ್." ಗೇರ್‌ಬಾಕ್ಸಿಗೆ ಏನೂ ಆಗಿಲ್ಲ, ಪಟ್ಟಿ ಬದಲಿಸಿ ಹೊಸ ಎಣ್ಣೆ ತುಂಬಿದರೆ ಸಾಕು; ಆದರೆ ಪಟ್ಟಿ ಬರುವುದು ತಡ, ಅಲ್ಲಿಯವರೆಗೆ ಗಾಡಿ ಇಲ್ಲೇ ಇರಲಿ ಎಂದ. ಮರಳಿ ಬರುವಾಗ ರಿಕ್ಷಾದಲ್ಲಿ ಹುಡುಗನೊಡನೆ ಒಂದೇ ಸಮನೆ ಮಾತಾಡಿದೆ. ಅವನು ಮೊಬೈಲ್ ನೋಡುತ್ತಾ ಹೂಂ ಹೂಂ ಅನ್ನುತ್ತಿದ್ದ.

ಆಮೇಲಿನ ದಿನಗಳು ಯಾರಿಗೂ ಬೇಡ. ಗಾಡಿ ಇಲ್ಲ, ಫೋನ್ ಮಾಡಲು ನೆಪವಿಲ್ಲ. ಕುಕ್ಕರಿಗೆ ಬೈದೆ, ಟೀವಿಯಲ್ಲಿ ಸುದ್ದಿ ಓದುವವಳಿಗೆ ಎದುರು ಮಾತಾಡಿದೆ. ಪಟ್ಟಿ ಬಂತೇ ಎಂದು ದಿನಾ ಕೇಳಿ ಮೆಕ್ಯಾನಿಕ್‌ನ ತಲೆ ತಿಂದೆ. ಕೊನೆಕೊನೆಗೆ ನಾನು ಹಲೋ ಅನ್ನುವ ಮೊದಲೇ ಅವನು "ನಹೀ ಆಯಾ" ಅನ್ನುತ್ತಿದ್ದ.

ಅಂತೂ ಬಂತು. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತು ಕೆಲಸ ಮಾಡಿಸಿದೆ. ಹೊಸ ಪಟ್ಟಿ ಕೂರಿಸಿದ, ಎಣ್ಣೆ ತುಂಬಿದ, ಇಂಜಿನ್ ಓಡಿಸಿಟ್ಟು ಗೇರಿನ ಹಿಡಿಯನ್ನು ಒಂದೊಂದೇ ಕಡೆಗೆ ಸರಿಸಿ ಎಣ್ಣೆಯ ಮಟ್ಟ ನೋಡಿದ. ಕೆಳಗೊಂದು ಬಿಳಿ ಕಾಗದ ಹಾಸು ಎಂದು ಹಟ ಹಿಡಿದೆ. ಬಹಳ ಹೊತ್ತು ಕಾದರೂ ಒಂದು ಹನಿ ಬೀಳಲಿಲ್ಲ. ಗೆದ್ದೆ ಅಂದುಕೊಂಡೆ. ಇನ್ನು ನನಗೆ ಆ ತಟ್ಟೆ ಬಿಡಿಸುವವರು ಯಾರು? ಸೊಸೈಟಿಯ ಗೇಟ್ ದಾಟುತ್ತಲೇ ಹುಡುಗನಿಗೆ ಫೋನ್ ಮಾಡಿದೆ.

ಓಡುತ್ತಾ ಬಂದ. ಮುಖದ ತುಂಬ ನಗು. "ಕಾಕು, ನಿಮಗ ಒಂದು ಸರ್‌ಪ್ರೈಸ್ ಐತಿ. ಗೇಟ್ ಬಾಜೂಕ ಒಂದು ಪಾರ್ಕಿಂಗ್ ಖಾಲಿ ಆಗೈತಿ. ನಾ ಸೆಕ್ರೆಟರಿ ಬೆನ್ನು ಹತ್ತಿ ನಿಮಗ ಕೊಡ್ಸೀನಿ. ಮ್ಯಾಲ ಏರ್ಸೋದು, ಇಳ್ಸೋದು, ಕುಛ್ ನಹೀ. ಇನ್ನ ನೀವು ಯಾರಿಗೂ ಫೋನ್ ಮಾಡೂದು ಬ್ಯಾಡ."

ಅವನೇ ಮುಂದುವರಿಸಿದ: "ನಂಗೂ ಚಲೋ ಆತು ಕಾಕು. ಮೀಟಿಂಗ್ ಬಿಟ್ಟು ಓಡಿ ಬರೂದು ತಪ್ಪಿತು."

ಅವನ ಮಾತಿನಲ್ಲಿ ಎಳ್ಳಷ್ಟೂ ಕೆಟ್ಟದ್ದಿರಲಿಲ್ಲ. ನನಗಾಗಿ ಓಡಾಡಿದ್ದಾನೆ, ಅದರ ಸಂತೋಷ ಅವನದು. ನಾನು ದಿನವಿಡೀ ಕಾಯುತ್ತಿದ್ದ ಹೊತ್ತು ಅವನಿಗೆ ಕಾಟವಾಗಿತ್ತು, ಅಷ್ಟೇ. "ಭಾಳ ಉಪಕಾರ ಆತಪಾ" ಎಂದು ಹೇಳಿ, ಗಾಡಿಯನ್ನು ಗೇಟಿನ ಬಳಿ ನಿಲ್ಲಿಸಿ ಮನೆಗೆ ಬಂದು ಅತ್ತೆ.

ಈಗ ಬೇಕೆಂದಾಗ ಹೋಗಬಹುದು, ಬೇಕೆಂದಾಗ ಬರಬಹುದು. ಎಲ್ಲಿಗೂ ಹೋಗಬೇಕೆನಿಸುವುದಿಲ್ಲ. ಮೊನ್ನೆ ತಡೆಯಲಾಗದೆ ಫೋನ್ ಮಾಡಿಬಿಟ್ಟೆ.

"ಕಾಕು, ಮತ್ತ ಲೀಕ್ ಆತೇನು?" ಅವನ ದನಿಯಲ್ಲಿ ಗಾಬರಿ.

"ಇಲ್ಲಪಾ. ಒಂದು ಹನೀನೂ ಇಲ್ಲ."

"ಹಂಗಾದ್ರ?"

ಸುಮ್ಮನೆ ಮಾತಾಡಬೇಕು ಅನ್ನಿಸಿತು ಎನ್ನಬಹುದಿತ್ತು. ನಾಚಿಕೆಯಾಯಿತು. "ಅದನ್ನೇ ಹೇಳೂಣಂತ ಮಾಡಿದೆ" ಎಂದೆ.

"ಅಚ್ಛಾ. ಗುಡ್, ಕಾಕು."

ಆ ಕಡೆ ಯಾರೋ ಇಂಗ್ಲಿಷಿನಲ್ಲಿ ಅವನನ್ನು ಏನೋ ಕೇಳುತ್ತಿದ್ದರು.

"ಫೋನ್ ಇಡ್ಲೇನು ಕಾಕು?" ಎಂದು ಮೆಲ್ಲಗೆ ಕೇಳಿದ.

"ಇಡಪಾ, ನಿನ್ನ ಕೆಲಸ ನೋಡ್ಕೋ" ಎಂದೆ.