ಎಡಗಡೆಯ ಲ್ಯಾಪ್‌ಟಾಪ್

ಅಂಗಡಿಯಲ್ಲಿ ಎಲ್ಲರೂ ಅವನನ್ನು ತಕ್ಕಡಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಎದುರಿಗೇ. ಅವನಿಗೆ ಆ ಹೆಸರಿನ ಮೇಲೆ ಹೆಮ್ಮೆಯೂ ಇತ್ತು. ಹದಿನಾರು ವರ್ಷದಿಂದ ಒಂದೇ ಲ್ಯಾಪ್‌ಟಾಪ್ ಅಂಗಡಿ, ಬಾಗಿಲಿನಿಂದ ಹತ್ತು ಹೆಜ್ಜೆ ಒಳಗೆ ಒಂದೇ ಮೇಜು, ಅದರ ಹಿಂದೆ ನಿಂತು ಈ ಯಂತ್ರಕ್ಕೂ ಆ ಯಂತ್ರಕ್ಕೂ ತೂಗಿ ತೋರಿಸುವುದೇ ಅವನ ಕಸುಬು. ಯಾವುದರ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಯಾವುದರ ಫ್ಯಾನು ಬೇಸಿಗೆಯಲ್ಲಿ ಹಿಟ್ಟಿನ ಗಿರಣಿಯ ಹಾಗೆ ಅರಚುತ್ತದೆ, ಯಾವುದರ ಕೀಲು ಎರಡೇ ವರ್ಷಕ್ಕೆ ಬಿರುಕು ಬಿಡುತ್ತದೆ, ಯಾವುದು ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದರೂ ಬದುಕಿಕೊಳ್ಳುತ್ತದೆ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಇಷ್ಟೆಲ್ಲ ಗೊತ್ತಿದ್ದವನು ಸರಿಯಾಗಿಯೇ ತೂಗಬಹುದಿತ್ತು. ಆದರೆ ತಟ್ಟೆಯ ಕೆಳಗೆ ಬೆರಳು ಕೊಡುವ ವಿದ್ಯೆ ಅವನಿಗೆ ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಅವನ ಮೇಜಿನ ಮೇಲೆ ಸದಾ ಮೂರೇ ಯಂತ್ರ. ಬಲಗಡೆ ಇರುವುದು ತೀರಾ ದುಬಾರಿಯದು, ಅದರ ಬೆಲೆ ಕೇಳಿ ಗಿರಾಕಿಯ ಬಾಯಿ ಒಣಗಬೇಕು. ನಡುವಿನದು ಮಾರಬೇಕಾದದ್ದು, ಅಂದರೆ ಗೋದಾಮಿನಲ್ಲಿ ರಾಶಿ ಬಿದ್ದು ಮಾಲೀಕನ ನಿದ್ದೆ ಕೆಡಿಸಿದ್ದು. ಎಡಗಡೆ ಒಂದು ಹಳೆಯ ನಮೂನೆಯ ಕಪ್ಪು ಯಂತ್ರ. ಅದು ಮಾರಾಟಕ್ಕಲ್ಲ. ಪಕ್ಕದ್ದು ಚೆಂದ ಕಾಣಲಿ ಎಂದಷ್ಟೇ ಅದು ಅಲ್ಲಿರುವುದು. ಅದಕ್ಕೆ ಅವನು 'ಪಾಪದ್ದು' ಎಂದು ಹೆಸರಿಟ್ಟಿದ್ದ. ಯಾರಾದರೂ ಹಟ ಹಿಡಿದು ಅದೇ ಬೇಕೆಂದರೆ ಸ್ಟಾಕ್ ಇಲ್ಲ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಿದ್ದ.

ಸುಳ್ಳು ಮಾತ್ರ ಹೇಳುತ್ತಿರಲಿಲ್ಲ. ಅದೇ ಅವನ ಜಂಬ. ಗುಣ ದೋಷ ಎರಡನ್ನೂ ಹೇಳುತ್ತಿದ್ದ. ನಡುವಿನದರ ವಿಷಯಕ್ಕೆ ಬಂದಾಗ ದೋಷವನ್ನು ಮೊದಲು ಹೇಳಿ ಗುಣದಲ್ಲಿ ಮುಗಿಸುತ್ತಿದ್ದ: "ಸ್ವಲ್ಪ ಬಿಸಿ ಆಗುತ್ತೆ ಸಾರ್, ಆದ್ರೆ ಓಟ ಅಂದ್ರೆ ಓಟ." ಎಡಗಡೆಯದಕ್ಕೆ ಗುಣ ಮೊದಲು, ದೋಷ ಆಮೇಲೆ: "ಗಟ್ಟಿ ಮಾಲು ಸಾರ್, ಆದ್ರೆ ಭಾರ." ಕೇಳಿದವರ ಕಿವಿಯಲ್ಲಿ ಉಳಿಯುವುದು ಕೊನೆಗೆ ಬಿದ್ದ ಮಾತು. ಇಷ್ಟೇ ವಿದ್ಯೆ. ಈ ಒಂದು 'ಆದ್ರೆ'ಯಲ್ಲಿ ಅವನು ಹದಿನಾರು ವರ್ಷ ಅನ್ನ ತಿಂದಿದ್ದ.

ಒಮ್ಮೆ ಅಚ್ಚುಕೂಟದಲ್ಲಿ ಕರಡು ತಿದ್ದುವ ಮುದುಕರೊಬ್ಬರು ಬಂದರು. ಕನ್ನಡಕದ ಗಾಜು ಸೀಸೆಯ ತಳದಷ್ಟು ದಪ್ಪ. ದಿನಕ್ಕೆ ಎಂಟು ಗಂಟೆ ಅಕ್ಷರ ನೋಡಬೇಕು, ಕಣ್ಣು ಉರಿಯದ ಹಾಗಿರಬೇಕು, ಅಷ್ಟೇ ಅವರ ಬೇಡಿಕೆ. ಅವರಿಗೆ ಹೇಳಿ ಮಾಡಿಸಿದ ಹಾಗಿದ್ದದ್ದು ಪಾಪದ್ದೇ. ಅಗಲ ಪರದೆ, ಹೊಳಪಿಲ್ಲ, ಕೀಲಿಗಳು ಬೆರಳಿಗೆ ಚೆನ್ನಾಗಿ ಸಿಗುತ್ತಿದ್ದವು. ಮುದುಕರ ಕೈ ತಾನಾಗಿಯೇ ಅದರ ಕಡೆ ಹೋಯಿತು.

"ಪರದೆ ಕಣ್ಣಿಗೆ ಹಿತ ಸಾರ್," ಎಂದ ತಕ್ಕಡಿ. "ಆದ್ರೆ ಈ ವಯಸ್ಸಲ್ಲಿ ಇಷ್ಟು ಭಾರ ಹೊತ್ಕೊಂಡು ಎಲ್ಲಿ ಓಡಾಡ್ತೀರಿ? ನಡುವಿನದು ನೋಡಿ. ಪರದೆ ಸ್ವಲ್ಪ ಚಿಕ್ಕದು, ಆದ್ರೆ ಹೂವಿನಷ್ಟು ಹಗುರ."

ಮುದುಕರಿಗೆ ಎಲ್ಲಿಗೂ ಓಡಾಡುವುದಿರಲಿಲ್ಲ. ಆದರೂ ಹಗುರದ್ದನ್ನೇ ಕೊಂಡು ಹೋದರು. ವಾರಕ್ಕೆ ಸರಿಯಾಗಿ ವಾಪಸು ಬಂದು, "ಕಿಟಕಿ ಹತ್ರ ಕೂತ್ರೆ ಅಕ್ಷರವೇ ಕಾಣಲ್ಲಪ್ಪ, ಬರೀ ನನ್ನ ಮುಖ ಕಾಣುತ್ತೆ," ಎಂದರು. "ಒಳ್ಳೇ ಮುಖ ಅಲ್ವಾ ಸಾರ್, ನೋಡ್ಕೊಳ್ಳಿ," ಎಂದ ತಕ್ಕಡಿ. ಅಂಗಡಿಯ ತುಂಬ ನಗು. ಮುದುಕರೂ ಮರ್ಯಾದೆಗೆ ಒಂದಿಷ್ಟು ನಕ್ಕು, ಯಂತ್ರವನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಗಲ್ಲೆಯಲ್ಲಿ ಕೂತಿದ್ದ ಮಾಲೀಕ ಎಲ್ಲರಿಗಿಂತ ಹೆಚ್ಚು ನಕ್ಕಿದ್ದ. ಆತನೂ ಹದಿನಾರು ವರ್ಷದಿಂದ ಅದೇ ಗಲ್ಲೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ.

ಅಂಗಡಿಯ ಬಾಗಿಲು ಹಾಕಿದ ಮೇಲೂ ತಕ್ಕಡಿಯ ನಾಲಿಗೆಗೆ ಬಿಡುವಿರಲಿಲ್ಲ. ಅವನ ಹೆಂಡತಿ ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕೆಲಸದವಳು, ಮಾತು ಕಮ್ಮಿ. ಮನೆಗೆ ನಾಲ್ಕು ಜನ ಬಂದರೆ ಸಾಕು, ಅವಳನ್ನೂ ತಮ್ಮನ ಹೆಂಡತಿಯನ್ನೂ ಮೇಜಿನ ಮೇಲಿಟ್ಟು ತೂಗುತ್ತಿದ್ದ. "ತಮ್ಮನ ಹೆಂಡ್ತಿ ಸ್ವಲ್ಪ ಜೋರು, ಆದ್ರೆ ಮನೆಗೆ ಕಳೆ. ನಮ್ಮವಳು ಬಂಗಾರದಂಥವಳು, ಆದ್ರೆ ಇದ್ದಾಳೋ ಇಲ್ವೋ ಗೊತ್ತಾಗಲ್ಲ." ಜನ ನಗುತ್ತಿದ್ದರು. ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು. ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ಒಂದು ಸಲವೂ ತಿರುಗಿ ಮಾತಾಡಿದ್ದಿಲ್ಲ, ಅದನ್ನು ಅವನು ತನ್ನ ಜಾಣತನದ ಲೆಕ್ಕಕ್ಕೇ ಹಾಕಿಕೊಂಡಿದ್ದ.

ಎರಡು ವರ್ಷದ ಹಿಂದೆ ಅವನ ಕೈಕೆಳಗೆ ಒಬ್ಬ ಹೆಂಗಸು ಕೆಲಸಕ್ಕೆ ಸೇರಿದಳು. ಮೂವತ್ತು ದಾಟಿದವಳು, ಅದಕ್ಕೆ ಮೊದಲು ಚಪ್ಪಲಿ ಅಂಗಡಿಯಲ್ಲಿದ್ದವಳು. ತಕ್ಕಡಿ ಅವಳಿಗೆ ಮೊದಲ ದಿನವೇ 'ಪಾದರಕ್ಷೆ' ಎಂದು ಹೆಸರಿಟ್ಟ. ಗಿರಾಕಿಗಳ ಎದುರಿಗೂ ಹಾಗೆಯೇ ಕರೆಯುತ್ತಿದ್ದ. ಅವಳು "ಹೇಳಿ ಸಾರ್" ಎಂದು ಬರುತ್ತಿದ್ದಳು. ಬಂದು ಪಕ್ಕದಲ್ಲಿ ನಿಂತು ಅವನ ಬಾಯನ್ನೇ ನೋಡುತ್ತಿದ್ದಳು. ಅವನಿಗೂ ಶಿಷ್ಯರ ಮುಂದೆ ವಿದ್ಯೆ ಬಿಚ್ಚಿಡುವ ಚಪಲ. ಮೂರು ಯಂತ್ರದ ಗುಟ್ಟು, ಆದ್ರೆಯ ಗುಟ್ಟು, ಎಲ್ಲವನ್ನೂ ಹೇಳಿಕೊಟ್ಟ.

"ಈ ಎಡಗಡೇದು ಯಾವತ್ತಾದ್ರೂ ಮಾರಿದ್ದೀರಾ ಸಾರ್?" ಎಂದು ಅವಳು ಒಂದು ದಿನ ಕೇಳಿದಳು.

"ಮಾರಿದ್ರೆ ಕೆಟ್ವಿ. ಅದಿಲ್ದೆ ನಡುವಿನದು ಹೋಗಲ್ಲ. ದಿನಾ ಒರೆಸಿ ಇಡು, ಧೂಳು ಕೂತ್ರೆ ಅದು ಸುಮ್ನೆ ಇಟ್ಟಿರೋದು ಅಂತ ಗಿರಾಕಿಗೆ ಗೊತ್ತಾಗಿಬಿಡುತ್ತೆ."

ಅವಳು ದಿನಾ ಒರೆಸಿ ಇಟ್ಟಳು.

ಹೀಗಿರುವಾಗ ಮಾಲೀಕ ಊರಿನ ಇನ್ನೊಂದು ತುದಿಯಲ್ಲಿ ಶಾಖೆ ತೆರೆಯುತ್ತಾನೆಂದು ಗೊತ್ತಾಯಿತು. ದುಡ್ಡು ಹಾಕುವವನು ಬೇರೊಬ್ಬ ಪಾಲುದಾರ, ಹಾಗಾಗಿ ಶಾಖೆ ನೋಡಿಕೊಳ್ಳುವವರು ಯಾರೆಂದು ಅವನೇ ಒಪ್ಪಬೇಕು. ತಕ್ಕಡಿಗೆ ಆ ಕುರ್ಚಿ ಬೇಕಿತ್ತು. ಯಾಕೆಂದರೆ ಹದಿನಾರು ವರ್ಷ ನಿಂತೇ ಇದ್ದ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು, ಸಂಜೆ ಮನೆಗೆ ಬಂದರೆ ಹೆಂಡತಿ ಬಿಸಿನೀರಿನ ಬೋಗುಣಿ ಇಟ್ಟ ಹೊರತು ಊಟಕ್ಕೂ ಏಳಲಾಗುತ್ತಿರಲಿಲ್ಲ. ಶಾಖೆಯಲ್ಲಿ ಗಾಜಿನ ಕೋಣೆ, ಕೂತು ಮಾಡುವ ಕೆಲಸ. "ನಾಳಿದ್ದು ಪಾಲುದಾರರು ಬರ್ತಾರೆ. ಒಳ್ಳೇ ಶರ್ಟು ಹಾಕ್ಕೊಂಡು ಬನ್ನಿ," ಎಂದು ಮಾಲೀಕ ಹೇಳಿದ್ದೇ ತಡ, ತಕ್ಕಡಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ. ತಮ್ಮನಿಗೆ ಹೇಳಿದ, ತಮ್ಮನ ಹೆಂಡತಿಗೆ ಹೇಳಿದ, ಕ್ಷೌರದವನಿಗೂ ಹೇಳಿದ.

ಆ ದಿನ ಮಹಡಿಯ ಮೇಲಿನ ಕೋಣೆಯಲ್ಲಿ ಮೇಜಿನ ಈಚೆ ಮೂರು ಕುರ್ಚಿ ಹಾಕಿದ್ದರು. ದೊಡ್ಡ ಅಂಗಡಿಯೊಂದರಿಂದ ಕರೆಸಿದ್ದ ಟೈ ಕಟ್ಟಿದ ಮನುಷ್ಯನೊಬ್ಬ ಆಗಲೇ ಬಲಗಡೆ ಕೂತಿದ್ದ. ಅವನು ಕೇಳುತ್ತಿದ್ದ ಸಂಬಳ ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಕೇಳಿದವರೆಲ್ಲ ಕಣ್ಣರಳಿಸಿದ್ದರು. ತಕ್ಕಡಿ ನೇರ ಹೋಗಿ ನಡುವೆ ಕೂತ. ಅವನ ಹಿಂದೆ ಪಾದರಕ್ಷೆ ಬಂದು ಬಾಗಿಲಲ್ಲಿ ನಿಂತಳು. ನೀರು ಕೊಡಲು ಬಂದಿರಬೇಕೆಂದು ಅವನು ಅಂದುಕೊಂಡ.

ಮಾಲೀಕ ಕನ್ನಡಕದ ಮೇಲಿನಿಂದ ನೋಡಿ, "ನೀವು ಸ್ವಲ್ಪ ಈ ಕಡೆ ಬನ್ನಿ," ಎಂದು ಎಡಗಡೆಯ ಕುರ್ಚಿ ತೋರಿಸಿದ. "ಬಾಮ್ಮ, ನೀನು ಇಲ್ಲಿ ಕೂತ್ಕೋ."

ತಕ್ಕಡಿ ಎದ್ದು ಎಡಗಡೆಗೆ ಸರಿದ. ಕುರ್ಚಿಗೇನು, ಎಲ್ಲಿ ಕೂತರೂ ಕುರ್ಚಿಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಹದಿನಾರು ವರ್ಷ ಗಿರಾಕಿಗಳ ಮುಖದಲ್ಲಿ ಇಂಥದ್ದೇ ಸಮಾಧಾನ ಮೂಡುವುದನ್ನು ನೋಡಿ ನೋಡಿ ನಕ್ಕವನು ಅವನು.

ಮಾಲೀಕ ಪಾಲುದಾರನ ಕಡೆ ತಿರುಗಿದ. "ನಾನು ಯಾವುದನ್ನೂ ಮುಚ್ಚಿಡಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಇವರು ದೊಡ್ಡ ಅಂಗಡಿ ನಡೆಸಿದವರು. ಆದ್ರೆ ಇವರ ಸಂಬಳಕ್ಕೆ ನಾವು ಇನ್ನೊಂದು ಅಂಗಡಿ ತೆಗೀಬೇಕು." ಟೈ ಕಟ್ಟಿದವನು ನಕ್ಕ. "ಈಯಮ್ಮ ಚಪ್ಪಲಿ ಮಾರ್ತಾ ಇದ್ದೋಳು, ಬಂದು ಎರಡೇ ವರ್ಷ. ಆದ್ರೆ ಹೇಳಿಕೊಟ್ಟಿದ್ದನ್ನ ಒಂದೂ ಮರೆಯೋಳಲ್ಲ." ಆಮೇಲೆ ಎಡಗಡೆಗೆ ನೋಡಿದ. ಅವನ ದನಿಯಲ್ಲಿ ಪ್ರೀತಿಯೇ ಇತ್ತು. "ಇವರು ನಮ್ಮ ಹಳಬರು. ಗಟ್ಟಿ ಮನುಷ್ಯ. ಆದ್ರೆ..."

ಆ 'ಆದ್ರೆ'ಯ ಆಚೆಗೆ ಏನು ಬಂತೆಂದು ತಕ್ಕಡಿಗೆ ಸರಿಯಾಗಿ ಕೇಳಲೇ ಇಲ್ಲ. ಕಾಲು ನೋವಿನದ್ದೇನೋ ಬಂತು, ವಯಸ್ಸಿನದ್ದು ಬಂತು. ಅವನು ಪಕ್ಕದಲ್ಲಿದ್ದವಳ ಕಡೆ ನೋಡಿದ. ಅವಳು ಮಾಲೀಕನ ಬಾಯನ್ನೇ ನೋಡುತ್ತಿದ್ದಳು, ಮೊದಲು ಅವನ ಬಾಯನ್ನು ನೋಡುತ್ತಿದ್ದ ಹಾಗೆಯೇ. ಗುರುವಿಗೇ ತಿರುಮಂತ್ರ ಹಾಕಿದ್ದರು. ಎದ್ದು ನಿಂತು ಇದು ಮೋಸ ಎಂದು ಕೂಗಬಹುದಿತ್ತು. ಆದರೆ ಮಾಲೀಕ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಲಿಲ್ಲವಲ್ಲ.

ಪಾಲುದಾರ ಅವಳನ್ನು ಒಪ್ಪಿದ. ಹೊರಗೆ ಮೆಟ್ಟಿಲ ಹತ್ತಿರ ಮಾಲೀಕ ತಕ್ಕಡಿಯ ಬೆನ್ನು ಸವರಿ, "ಬೇಜಾರು ಮಾಡ್ಕೋಬೇಡಿ. ನೀವು ಪಕ್ಕದಲ್ಲಿ ಇಲ್ದಿದ್ರೆ ಅವರು ಅವಳನ್ನ ಒಪ್ತಾನೇ ಇರ್ಲಿಲ್ಲ," ಎಂದ. ಅದನ್ನು ಆತ ಹೊಗಳಿಕೆಯೆಂದೇ ಹೇಳಿದ್ದು.

ಮನೆಯಲ್ಲಿ ಹೆಂಡತಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಅವನು ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಎಲ್ಲವನ್ನೂ ಹೇಳಿದ. ಕುರ್ಚಿ ಬದಲಾಯಿಸಿದ್ದು, ಗಟ್ಟಿ ಮನುಷ್ಯ ಎಂದದ್ದು, ಆದ್ರೆ ಎಂದದ್ದು. ಹೇಳುತ್ತ ಹೇಳುತ್ತ ಕಣ್ಣಲ್ಲಿ ನೀರು ಬಂತು. "ಎಲ್ಲರ ಮುಂದೆ ಕಣೇ," ಎಂದ. "ನನ್ನನ್ನ ಪಕ್ಕದಲ್ಲೇ ಕೂರಿಸ್ಕೊಂಡು ಅಂದ್ರು."

ಅವಳು ಕೈಯಲ್ಲಿದ್ದ ಕಾಯಿಯ ನಾರು ಪೂರ್ತಿ ತೆಗೆದಳು.

"ಎರಡು ದಿನ ಉರಿಯುತ್ತೆ ರೀ," ಎಂದಳು. "ಆಮೇಲೆ ಅಭ್ಯಾಸ ಆಗುತ್ತೆ. ನಗುಮುಖ ಇಟ್ಕೊಂಡು ಲೋಟ ಎತ್ತಿಕೊಂಡು ಹೋದ್ರೆ ಆಯ್ತು."

ಇನ್ನೇನಾದರೂ ಹೇಳುತ್ತಾಳೆಂದು ಅವನು ಕಾದ. ಅವಳು ಮುಂದಿನ ಕಾಯಿ ಎತ್ತಿಕೊಂಡಳು. ನೀರು ಆರಿತು, ಅವನು ಹಾಗೆಯೇ ಕೂತಿದ್ದ, ಅವಳು ಬಿಸಿನೀರು ತಂದು ಹಾಕಲಿಲ್ಲ.

ಒಂದು ವರ್ಷ ಕಳೆಯಿತು. ಶಾಖೆ ಚೆನ್ನಾಗಿ ನಡೆದು ಇನ್ನೊಂದು ಶಾಖೆಯ ಮಾತು ಬಂತು. "ನಾಳೆ ಪಾಲುದಾರರು ಬರ್ತಾರೆ, ಒಳ್ಳೇ ಶರ್ಟು ಹಾಕ್ಕೊಂಡು ಬನ್ನಿ," ಎಂದ ಮಾಲೀಕ. ನಾಚಿಕೆಗೇಡಿನ ಸಂಗತಿಯೆಂದರೆ ತಕ್ಕಡಿಗೆ ಆ ರಾತ್ರಿ ಆಸೆ ಹುಟ್ಟಿತು. ಈ ಸಲವಾದರೂ, ಎಂದುಕೊಂಡ. ಹೆಂಡತಿ ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಿ ಕೊಟ್ಟಳು.

ಮಹಡಿಯ ಕೋಣೆಗೆ ಅವನೇ ಮೊದಲು ಹೋದ. ಮೂರು ಕುರ್ಚಿಯೂ ಖಾಲಿ. ನಡುವಿನದರ ಬೆನ್ನು ಹಿಡಿದು ಒಂದು ಗಳಿಗೆ ನಿಂತ. ಅಷ್ಟರಲ್ಲಿ ಪಾಲುದಾರ ಬಂದ, ಮಾಲೀಕ ಬಂದ, ಅವರ ಜೊತೆ ಮೇಜಿನ ಆಚೆಗೆ ಕೂರಲು ಪಾದರಕ್ಷೆಯೂ ಬಂದಳು. ಈಗ ಅವಳನ್ನು ಯಾರೂ ಹಾಗೆ ಕರೆಯುತ್ತಿರಲಿಲ್ಲ. ಅವಳು ಅವನ ಕೈಯನ್ನೂ ಕುರ್ಚಿಯನ್ನೂ ನೋಡಿದಳು. ತಕ್ಕಡಿ ಕೈ ತೆಗೆದು ಎಡಗಡೆಗೆ ಹೋಗಿ ಕೂತ.

ನಡುವೆ ಕೂರಲು ಹೊಸಬನೊಬ್ಬ ಬಂದ, ಬಲಗಡೆ ಯಾರೋ ದುಬಾರಿಯವನು. ಪಾಲುದಾರ ಎಡಗಡೆಯಿಂದಲೇ ಶುರು ಮಾಡಿದ. "ಈ ಸಲ ನಿಮ್ಮ ಬಗ್ಗೆ ನೀವೇ ಹೇಳಿ."

ಕೋಣೆಯಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ಹೇಗೆ ಹೇಳಿದರೆ ಮಾರಾಟವಾಗುತ್ತದೆಂದು ಆ ಕೋಣೆಯಲ್ಲಿ ಅವನಷ್ಟು ಬಲ್ಲವರು ಯಾರೂ ಇರಲಿಲ್ಲ. ದೋಷ ಮೊದಲು, ಗುಣ ಕೊನೆಗೆ. ಒಂದೇ ಒಂದು ವಾಕ್ಯ. ಅದು ಬಾಯಿಗೂ ಬಂತು. ಮೇಜಿನ ಆಚೆ ಮಾಲೀಕ ಅವನನ್ನೇ ನೋಡುತ್ತಿದ್ದ. ಈ ಕೆಲಸ ಹೋದರೆ ಈ ಕಾಲು ಕಟ್ಟಿಕೊಂಡು ಬೇರೆಲ್ಲಿಗೂ ಹೋಗುವಂತಿಲ್ಲ ಎಂಬುದು ಅವರಿಬ್ಬರಿಗೂ ಗೊತ್ತಿತ್ತು.

"ಹದಿನೇಳು ವರ್ಷದ ಅನುಭವ ಇದೆ ಸಾರ್," ಎಂದ ತಕ್ಕಡಿ. "ಆದ್ರೆ ಮೊದಲಿನ ಹಾಗೆ ಆಗಲ್ಲ."

ಕಾಲು ಗಂಟೆಯಲ್ಲಿ ನಡುವಿನವನು ಆಯ್ಕೆಯಾದ. ಕೆಳಗಿಳಿದು ಬಂದ ಮೇಲೆ ಮಾಲೀಕ ಎಲ್ಲರೆದುರು ಅವನ ಹೆಗಲು ತಟ್ಟಿ, ಇಂಥ ಮನುಷ್ಯ ದುಡ್ಡು ಕೊಟ್ಟರೂ ಸಿಗುವುದಿಲ್ಲ ಎಂದ. ತಕ್ಕಡಿ ನಗುಮುಖ ಇಟ್ಟುಕೊಂಡು ಮೇಜಿನ ಹಿಂದೆ ಹೋಗಿ ನಿಂತ. ಡ್ರಾಯರಿನಿಂದ ಬಟ್ಟೆ ತೆಗೆದು ಎಡಗಡೆಯ ಲ್ಯಾಪ್‌ಟಾಪನ್ನು ಒರೆಸತೊಡಗಿದ.