ಮಾರೆಮ್ಮನ ಜೋಲಿಗಳು

ಕರೂರಿನಲ್ಲಿ ಭತ್ತದ ನಾಟಿ ಸುರುವಾಯಿತೆಂದರೆ ಕೇರಿಯ ಕೂಸುಗಳೆಲ್ಲ ಕಾಲುವೆ ದಂಡೆಯ ಬೇವಿನ ಮರಕ್ಕೆ ಬಂದುಬಿಡುತ್ತಿದ್ದವು. ಟೊಂಗೆಗೊಂದು ಹಳೇ ಸೀರೆಯ ಜೋಲಿ, ಜೋಲಿಗೊಂದು ಕೂಸು, ಮರದ ಬುಡಕ್ಕೆ ಮಾರೆಮ್ಮ. ತಾಯಂದಿರು ಕೆಸರಿನಲ್ಲಿ ಬಗ್ಗಿರುವಷ್ಟು ಹೊತ್ತೂ ಇವಳು ತೂಗುತ್ತಿದ್ದಳು. ಸುಗ್ಗಿಯಲ್ಲಿ ಯಾರಾದರೂ ಮೊರ ಭತ್ತ ಕೊಟ್ಟರೆ ಉಡಿಯೊಡ್ಡುವಳು, ಕೊಡದಿದ್ದರೆ ಕೇಳುವವಳಲ್ಲ.

ಕುರುಗೋಡಿನಿಂದ ಹಂಪಯ್ಯನ ಕೈಹಿಡಿದು ಬಂದ ಅವಳಿಗೆ ಹುಟ್ಟಿದ್ದು ಒಂದೇ ಮಗಳು, ಯಂಕಿ. ಅದು ಇದೇ ಮರದ ಜೋಲಿಯಲ್ಲಿ ಒಂದು ಮಧ್ಯಾಹ್ನ ಮಲಗಿದ್ದು ಏಳಲೇ ಇಲ್ಲ. ಕಾಲುವೆ ಗಾಳಿ ಸೋಕಿತು ಎಂದರು ಹಿರಿಯರು. ಅಂದಿನಿಂದ ಮಾರೆಮ್ಮ ಗದ್ದೆಗೆ ಇಳಿಯಲಿಲ್ಲ. ಮಂದಿ ಕೂಸುಗಳ ನಡುವೆ ಕೂತರೆ ಒಡಲ ಉರಿ ಒಂದಿಷ್ಟು ತಣ್ಣಗಾಗುತ್ತಿತ್ತು.

ಎಂಬತ್ತನೇ ಇಸವಿಯ ಈಚೆಗೆ ಸರ್ಕಾರದ ಜೀಪು ಬಂತು. ಊರಿಗೊಂದು ಅಂಗನವಾಡಿ ಮಂಜೂರಾಗಿದೆ, ಮಕ್ಕಳನ್ನು ನೋಡಿಕೊಳ್ಳಲು ಆಯಾ ಬೇಕು, ಓದು ಬಾರದಿದ್ದರೂ ನಡೆಯುತ್ತದೆ ಎಂದು ಮೈಕಿನಲ್ಲಿ ಕೂಗಿದರು.

“ಲೇ ಮಾರಿ, ನಿನಗ ಹೇಳಿ ಮಾಡಿಸಿದಂಗೈತಿ ನೋಡು,” ಎಂದಳು ಗೆಳತಿ ಪಕ್ಕೀರಮ್ಮ. “ಸರ್ಕಾರಿ ಆಯಾ ಆದಮ್ಯಾಲ ನಮ್ಮನ್ನ ಮಾತಾಡಸ್ತಿಯೋ ಇಲ್ಲೋ?”

“ನಿನ್ನ ಕೂಸಿನ ಮುಕಳಿ ತೊಳಿಯಾಕಿ ನಾನು. ಮಾತಾಡಸ್ದ ಎಲ್ಲಿ ಹೋಗ್ಲೇ?”

ನಕ್ಕಳೇನೋ ನಿಜ, ಆದರೆ ಕೆಲಸ ಬೇರೆಯವರ ಪಾಲಾದರೆ ಕೂಸುಗಳೂ ಅವರ ಪಾಲು. ತನಗೆ ಬರೀ ಮರ.

ಸಂದರ್ಶನಕ್ಕೆ ಸಿರುಗುಪ್ಪಕ್ಕೆ ಹೋದಳು. ಬಳ್ಳಾರಿಯಿಂದ ಬಂದಿದ್ದ ಡಾಕ್ಟರಮ್ಮ ಕೇಳಿದರು: “ಒಬ್ಬಾಕಿನ ಇಷ್ಟು ಕೂಸು ನೋಡ್ಕೊಂತೀಯಲ್ಲವ್ವಾ, ಎಲ್ಲಾ ಒಮ್ಮಿಗೇ ಅತ್ರ ಏನ್ಮಾಡ್ತಿ?”

ಮಾರೆಮ್ಮನ ಮುಖ ಅರಳಿತು. “ಅಳಂಗೇ ಇಲ್ರೀ ಅಮ್ಮಾರ. ಸಾಸಿವಿಕಾಳಿನಷ್ಟು ಅಪೀಮು ಹಾಲಾಗ ತೇದು ನಾಲಿಗಿಗೆ ಸವರಿಬಿಡ್ತೀನ್ರಿ. ಸಂಜೀತನ ಕಮಕ್ ಕಿಮಕ್ ಅನ್ನಂಗಿಲ್ಲ!”

ಅದರಲ್ಲಿ ಮುಚ್ಚಿಡುವುದೇನಿತ್ತು? ಕೇರಿಯಲ್ಲಿ ಎಲ್ಲರೂ ಮಾಡುತ್ತಿದ್ದರು. ಬಳ್ಳಾರಿ ಕಡೆ ಹೋದವರ ಕೈಲಿ ತಾಯಂದಿರೇ ತರಿಸಿಕೊಡುತ್ತಿದ್ದರು.

ಡಾಕ್ಟರಮ್ಮ ಬೈಯಲಿಲ್ಲ. ಮೆಲ್ಲಗೆ ಹೇಳಿದರು: “ಅದು ನಿದ್ದಿ ಅಲ್ಲವ್ವಾ, ವಿಷ. ಚೂರು ಹೆಚ್ಚಾದ್ರ ಉಸಿರು ನಿಲ್ತೈತಿ. ನೋಡಿದವರಿಗೆ ಕೂಸು ಮಲಗಿದಂಗ ಇರತೈತಿ, ತುಟಿ ನೀಲಿ ಆಗಿರತಾವು.”

ತುಟಿ ನೀಲಿ.

ಯಂಕಿಗೆ ಹಲ್ಲು ಬರುತ್ತಿತ್ತು ಆಗ. ಅಳು ನಿಲ್ಲದ್ದಕ್ಕೆ ಇನ್ನೊಮ್ಮೆ ಸವರಿದ್ದಳು. ಆಮೇಲೆ ಎತ್ತಿಕೊಳ್ಳಲು ಹೋದಾಗ, ನೇರಳೆ ಹಣ್ಣು ಚೀಪಿತ್ತೇನೋ ಎಂದು ಆ ತುಟಿಯನ್ನು ಸೆರಗಿನಿಂದ ಒರೆಸಿದ್ದಳು. ಒರೆಸಿದಷ್ಟೂ ಹೋಗಿರಲಿಲ್ಲ.

“ತಿಳೀದ ಮಾಡೀದಿ. ಬಳ್ಳಾರಿಗೆ ತರಬೇತಿಗೆ ಬಾ, ಎಲ್ಲಾ ಕಲಸ್ತೀವಿ. ಕೆಲಸ ನಿನಗ ಕೊಡೋಣ.”

“ಬ್ಯಾಡ್ರಿ ಅಮ್ಮಾರ. ಈ ಬೆರಳು ಐತೆಲ್ರಿ...” ಮಾರೆಮ್ಮ ತೋರುಬೆರಳನ್ನು ಮುಂದೆ ಚಾಚಿದಳು. ಹಾಗೇ ಎದ್ದು ಹೊರನಡೆದಳು.

ಮನೆಯಲ್ಲಿ ಹಂಪಯ್ಯ ಕೇಳಿದ: “ಏನಂದ್ರು?”

“ಗಾಳಿ ಅಲ್ಲಂತ,” ಎಂದಳು. ಅವನಿಗೆ ತಿಳಿಯಲಿಲ್ಲ.

ಮರುದಿನ ಅವಳು ಬ್ಯಾಡ ಅನ್ನುವಷ್ಟರಲ್ಲಿ ತಾಯಂದಿರು ಜೋಲಿ ಕಟ್ಟಿ ಗದ್ದೆಗೆ ಇಳಿದಾಗಿತ್ತು. ಮಾರೆಮ್ಮ ಅಪೀಮಿನ ಡಬ್ಬಿಯನ್ನು ಕಾಲುವೆಗೆ ಎಸೆದಳು. ಬಿಸಿಲೇರುತ್ತಲೇ ಒಂದು ಕೂಸು ಅತ್ತಿತು, ಬೆನ್ನಿಗೆ ಎಲ್ಲವೂ. ಪಕ್ಕೀರಮ್ಮ ಕೆಸರುಗಾಲಲ್ಲೇ ಓಡಿಬಂದಳು.

“ಏನಲೇ ಇದು! ಅಪೀಮು ಹಾಕಲಿಲ್ಲೇನು? ಗದ್ದಿತನಕ ಕೇಳತೈತಿ!”

“ಕೇಳಲಿ,” ಎಂದಳು ಮಾರೆಮ್ಮ. “ಅಳ್ಲಿ ಬಿಡು ಪಕ್ಕೀರಿ. ಅತ್ರ ಅದಾವಂತ ಗೊತ್ತಾಗತೈತಿ.”

ಜೋಲಿಯಿಂದ ಜೋಲಿಗೆ ನಡೆದಳು. ಅತ್ತೂ ಅತ್ತೂ ದಣಿದ ಒಂದು ಕೂಸು ತಾನಾಗಿಯೇ ಕಣ್ಣು ಮುಚ್ಚಿತು. ಮಾರೆಮ್ಮ ಓಡಿಹೋಗಿ ಅದರ ತುಟಿ ನೋಡಿದಳು. ಕೆಂಪಗಿದ್ದವು. ಆದರೂ ಮನಸ್ಸು ತಡೆಯದೆ, ಅಂಗಾಲು ಚಿವುಟಿ ಎಬ್ಬಿಸಿಬಿಟ್ಟಳು.