ಗಾರೆ ಮಲ್ಲೇಶನ ಹತ್ತೊಂಬತ್ತು ಸಂದು

ಗಾರೆ ಮಲ್ಲೇಶನಿಗೆ ಲೋಕದಲ್ಲಿದ್ದ ಶತ್ರು ಒಂದೇ, ಒಂದು ಚರಂಡಿ. ಕೊಟ್ಟಿಗೆಹಾರದ ಆಚೆ ರುದ್ರಾಣಿಯವರ ಕಾಫಿ ಎಸ್ಟೇಟಿನಲ್ಲಿ ಪಲ್ಪರ್ ಮನೆಯಿಂದ ಕೆಳಗೆ ಹುಳಿ ಮುರಿಯುವ ಸುಣ್ಣದ ತೊಟ್ಟಿಯವರೆಗೆ ಇನ್ನೂರು ಅಡಿ ಉದ್ದಕ್ಕೆ ಅದು ಮಲಗಿತ್ತು. ಪಲ್ಪರಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿದ ನೀರು ಅದರಲ್ಲೇ ಹರಿದು ಹೋಗಬೇಕು. ಆ ನೀರಿನ ಹುಳಿಗೆ ಸಿಮೆಂಟು ತಡೆಯುತ್ತಿರಲಿಲ್ಲ. ನವೆಂಬರಿನಲ್ಲಿ ನುಣ್ಣಗೆ ಗಾರೆ ಮಾಡಿದ್ದು ಜನವರಿ ಕೊನೆಗೆ ಉಗುರಲ್ಲಿ ಕೆರೆದರೆ ಉದುರುತ್ತಿತ್ತು. ಇಪ್ಪತ್ತಮೂರು ವರ್ಷ ಅವನು ಆ ಚರಂಡಿಯ ಮುಂದೆ ಮಂಡಿಯೂರಿದ್ದ. ದೇವರ ಮುಂದೆ ಅಷ್ಟು ಕೂತಿದ್ದರೆ ದೇವರೇ ಎದ್ದು ಬಂದು ಸಾಕು ಮಾರಾಯ ಅನ್ನುತ್ತಿದ್ದ.

ಮಂಡಿ ಸವೆದದ್ದು ಹಾಗಿರಲಿ. ಬಿರುಕಿನಲ್ಲಿ ಇಳಿದ ನೀರು ಹಳ್ಳ ಸೇರುತ್ತಿತ್ತು. ಆ ಹಳ್ಳದ ಪಕ್ಕದ ಬಾವಿಯೇ ಅವನ ಮನೆಗೂ ಅಕ್ಕಪಕ್ಕದ ಹತ್ತು ಮನೆಗೂ ಗತಿ. ಪ್ರತಿ ವರ್ಷ ಸಂಕ್ರಾಂತಿ ಕಳೆಯುವಷ್ಟರಲ್ಲಿ ಬಾವಿ ನಾರುತ್ತಿತ್ತು. ಜನ ಬೈಯುತ್ತಿದ್ದದ್ದು ಎಸ್ಟೇಟಿನವರನ್ನಲ್ಲ, ಮಲ್ಲೇಶನನ್ನು. ಅವನ ಹೆಂಡತಿ ಶಿವಗಂಗಮ್ಮ ಆಮೇಲಿನ ಎರಡು ತಿಂಗಳು ಗುಡ್ಡ ಹತ್ತಿ ಮೇಲಿನ ಒರತೆಯಿಂದ ಕೊಡ ಹೊರುತ್ತಿದ್ದಳು.

ಇಪ್ಪತ್ತನಾಲ್ಕನೆಯ ವರ್ಷ ರುದ್ರಾಣಿಯವರು ಫೈಬರ್ ಚರಂಡಿ ತರಿಸಿದರು. ಹತ್ತತ್ತು ಅಡಿಯ ಇಪ್ಪತ್ತು ತುಂಡು, ಒಬ್ಬನೇ ಹೆಗಲ ಮೇಲಿಟ್ಟು ಸಾಗಿಸುವಷ್ಟು ಹಗುರ. ಎಂಥ ಹುಳಿಯೂ ಅದನ್ನು ತಿನ್ನುವುದಿಲ್ಲವಂತೆ. ಜೊತೆಗೆ ಅಂಟಿನ ಡಬ್ಬಿಗಳು ಬಂದಿದ್ದವು. ಕೂರಿಸುವ ಕೆಲಸ ಮಲ್ಲೇಶನದೇ.

"ಸಂದಿಗೆಲ್ಲ ಈ ಅಂಟೇ ಹಾಕ್ಬೇಕಂತೆ ಮಲ್ಲೇಶಣ್ಣ," ಎಂದು ಹೇಳಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಯೋಗೇಶ್ ಹೊರಟುಹೋದ.

ಮಲ್ಲೇಶ ಅಂಟನ್ನು ಬೆರಳಲ್ಲಿ ತೆಗೆದು ಮೂಸಿ ಮುಖ ಸಿಂಡರಿಸಿದ. ಇಂಥ ಜಿಗುಟನ್ನು ನಂಬಿ ಯಾರಾದರೂ ಕೆಲಸ ಮಾಡುವುದುಂಟೇ? ಡಬ್ಬಿಗಳನ್ನು ಬದಿಗಿಟ್ಟು, ಹತ್ತೊಂಬತ್ತು ಸಂದಿಗೂ ಗಟ್ಟಿ ಸಿಮೆಂಟು ತುಂಬಿ, ಕರಣೆಯಲ್ಲಿ ಉಜ್ಜಿ ನುಣುಪು ಮಾಡಿದ. ಹುಟ್ಟುಗುಣ ಸುಟ್ಟರೂ ಹೋಗದು. ಅಷ್ಟು ವರ್ಷ ಸಿಮೆಂಟನ್ನು ಶಪಿಸಿದವನು ಕೊನೆಗೆ ನಂಬಿದ್ದೂ ಸಿಮೆಂಟನ್ನೇ.

ಜನವರಿ ಕೊನೆಗೆ ಬಾವಿ ನಾರಿತು.

"ಈ ಸಲ ಹಾಗಾಗಲ್ಲ ಅಂದಿದ್ರಿ," ಎಂದಳು ಶಿವಗಂಗಮ್ಮ. ಸಿಂಬಿ, ಕೊಡ ತೆಗೆದುಕೊಂಡು ಒರತೆಯ ಕಡೆ ನಡೆದಳು. ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಅವನು ಚರಂಡಿಯ ಹತ್ತಿರ ಹೋದಾಗ ರುದ್ರಾಣಿಯವರೂ ಯೋಗೇಶನೂ ಅಲ್ಲಿ ನಿಂತಿದ್ದರು.

"ಮಾಲೇ ಸರಿಯಿಲ್ಲ ಅಮ್ಮ," ಎನ್ನುತ್ತಿದ್ದ ಯೋಗೇಶ್. "ಎಲ್ಲ ಕಿತ್ತು ವಾಪಸ್ ಕಳ್ಸಾಣ. ಮೊದ್ಲಿನ ಹಾಗೆ ಮಲ್ಲೇಶಣ್ಣ ವರ್ಷಾ ವರ್ಷಾ ಗಾರೆ ಮಾಡ್ಲಿ."

ಮಲ್ಲೇಶ ಬಗ್ಗಿ ನೋಡಿದ. ಫೈಬರಿನ ಮೇಲೆ ಒಂದು ಗೀರೂ ಇರಲಿಲ್ಲ. ಸಂದಿನ ಸಿಮೆಂಟು ಮಾತ್ರ ನೆನೆದ ಅವಲಕ್ಕಿಯಂತೆ ಬೆರಳಿಗೆ ಬಂತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವನು ಅಷ್ಟೂ ಅನ್ನಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ತಪ್ಪು ಮಾಲಿನದಾಗುತ್ತಿತ್ತು, ಕೆಲಸ ಅವನಿಗೇ ಉಳಿಯುತ್ತಿತ್ತು. ಈ ಮಂಡಿ ಇಟ್ಟುಕೊಂಡವನನ್ನು ಬೇರೆ ಯಾರು ಕರೆಯುತ್ತಾರೆ? ಅಷ್ಟರಲ್ಲಿ ಮೇಲಿನ ಕಾಲುದಾರಿಯಲ್ಲಿ, ಕೊಡ ಹೊತ್ತ ಶಿವಗಂಗಮ್ಮ ಮರಕ್ಕೆ ಕೈಕೊಟ್ಟು ಸುಧಾರಿಸಿಕೊಳ್ಳುತ್ತಿದ್ದುದು ಕಾಣಿಸಿತು.

"ಮಾಲು ಸರಿಗೇ ಇದೆ ಅಮ್ಮ," ಎಂದ. "ನಾನೇ ಅಂಟು ಬಿಟ್ಟು ಸಿಮೆಂಟ್ ಹಾಕ್ದೆ. ನಂಬಿಕೆ ಬರ್ಲಿಲ್ಲ."

ರುದ್ರಾಣಿಯವರು ಬಗ್ಗಿ ಒಂದು ಸಂದನ್ನು ತಾವೇ ಕೆರೆದು ನೋಡಿದರು. ಆಮೇಲೆ, "ಪಲ್ಪರ್ ಎರಡು ದಿನ ನಿಲ್ಲಿಸ್ತೀನಿ. ನೀನೇ ಸರಿ ಮಾಡು," ಎಂದರು.

ಎರಡು ದಿನ ಅವನು ಮಂಡಿಯೂರಿ ಸಿಮೆಂಟು ಕೆರೆದ, ಒರೆಸಿ ಒಣಗಿಸಿದ, ಅಂಟು ತುಂಬಿದ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವ ಕೆಲಸವನ್ನು ಅಷ್ಟು ಅಚ್ಚುಕಟ್ಟಾಗಿ ಮಾಡಿದವರು ಇನ್ನೊಬ್ಬರಿಲ್ಲ.

ಮುಂದಿನ ನವೆಂಬರಿನಲ್ಲಿ ಎಸ್ಟೇಟಿನಿಂದ ಕರೆ ಬರಲಿಲ್ಲ. ಸೂರಿಗೆ ಸಿಕ್ಕಿಸಿದ್ದ ಕರಣೆ ಅಲ್ಲೇ ತುಕ್ಕು ಹಿಡಿಯಿತು. ಸಂಕ್ರಾಂತಿಯೂ ಕಳೆಯಿತು. ಒಂದು ಬೆಳಿಗ್ಗೆ ಶಿವಗಂಗಮ್ಮ ಬಾವಿಯಿಂದ ಸೇದಿದ ನೀರನ್ನು ಲೋಟದಲ್ಲಿ ತಂದು ಜಗಲಿಯಲ್ಲಿದ್ದ ಅವನ ಕೈಗೆ ಕೊಟ್ಟಳು. ಅವನು ಮೊದಲು ಮೂಸಿದ.

"ಏನೂ ಇಲ್ಲ, ಕುಡೀರಿ."

ಕುಡಿದು ಲೋಟ ಕೆಳಗಿಟ್ಟ. "ಇನ್ನು ನಂಗೆ ಕೆಲ್ಸ ಇಲ್ಲ ಕಣೆ."

"ನಂಗೂ ಒಂದು ಕಮ್ಮಿ ಆಯ್ತು," ಎಂದು ಅವಳು ಪಕ್ಕದಲ್ಲೇ ಕಾಲು ಚಾಚಿ ಕೂತಳು. ಜನವರಿಯ ಬೆಳಿಗ್ಗೆ ಅವಳು ಹಾಗೆ ಕೂತಿದ್ದನ್ನು ಅವನು ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ.